ಕಟ್ಟುಮರದಿಂದ ಟ್ರೈಮರಾನ್‌ವರೆಗೆ: ದೋಣಿಯ ಗಟ್ಟಿತನ ಅಳೆಯುವುದು ಹೇಗೆ?

ಗೂಳೂರು, ಗುಬ್ಬಿ, ಕುಣಿಗಲ್ಲಿನವರಿಗೆ ನೀರೆಂದರೆ ಕೆರೆ. ಗೂಳೂರಿನ ಮಹಾಗಣಪತಿ ಮಣ್ಣಿನಿಂದ ಮೂಡಿ, ಪೂಜೆಗೊಂಡು, ಮತ್ತೆ ನೀರಿಗೇ ಸೇರುತ್ತಾನೆ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ನಾಡಿಗೆಲ್ಲ ಗೊತ್ತು. ಸಮುದ್ರವಾದರೋ ಘಟ್ಟದ ಆಚೆ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹೀಗಿದ್ದರೂ ಜಗತ್ತಿನ ಸಾಗರಗಳಲ್ಲಿ ಓಡಾಡುವ ಒಂದು ಬಗೆಯ ಹಾಯಿದೋಣಿಯ ಹೆಸರಿನ ಅರ್ಧಭಾಗವನ್ನು ಈ ಸೀಮೆಯ ಯಾರು ಬೇಕಾದರೂ ನಿಘಂಟು ನೋಡದೆ ಹೇಳಬಲ್ಲರು. ಆ ದೋಣಿಯ ಹೆಸರು ಟ್ರೈಮರಾನ್. ಅದರ ಬಾಲದಲ್ಲಿ ಕೂತಿರುವುದು ನಮ್ಮ ‘ಮರ’ವೇ.

ತಮಿಳುನಾಡಿನ ಕರಾವಳಿಯ ಬೆಸ್ತರು ನಾಲ್ಕಾರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಯುತ್ತಿದ್ದರು. ಕಟ್ಟಿದ ಮರ, ಆದ್ದರಿಂದ ಕಟ್ಟುಮರ. ಕನ್ನಡಕ್ಕೂ ತಮಿಳಿಗೂ ಇಲ್ಲಿ ಭೇದವಿಲ್ಲ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ ತನ್ನ ಪ್ರವಾಸದ ಬರಹದಲ್ಲಿ ಕೋರಮಂಡಲ ತೀರದ ಈ ತೆಪ್ಪಗಳನ್ನು ವರ್ಣಿಸಿದ. ಇಂಗ್ಲಿಷರ ಬಾಯಲ್ಲಿ ಕಟ್ಟುಮರ ‘ಕ್ಯಾಟಮರಾನ್’ ಆಯಿತು. ಮುಂದೆ ಆ ಹೆಸರು ಜೋಡಿ ಒಡಲಿನ ದೋಣಿಗೆ ಅಂಟಿಕೊಂಡಿತು. 1940ರ ದಶಕದಲ್ಲಿ ಉಕ್ರೇನ್ ಮೂಲದ ವಿಕ್ಟರ್ ಚೆಚೆಟ್ ಎಂಬಾತ ಅಮೆರಿಕದಲ್ಲಿ ಮೂರು ಒಡಲಿನ ದೋಣಿ ಕಟ್ಟಿ ಅದಕ್ಕೆ ಟ್ರೈಮರಾನ್ ಎಂದು ಹೆಸರಿಟ್ಟ. ಕಟ್ಟು ಹೋಗಿ ಮರವಷ್ಟೇ ಉಳಿಯಿತು.

ಹೆಸರಿನಿಂದ ಕಟ್ಟು ಬಿಟ್ಟುಹೋದದ್ದು ಒಂದು ವಿಪರ್ಯಾಸವೇ ಸರಿ. ಏಕೆಂದರೆ ಇಂಥ ದೋಣಿಯ ಅಳಿವು ಉಳಿವು ನಿಂತಿರುವುದು ಮರದ ಮೇಲಲ್ಲ, ಕಟ್ಟಿನ ಮೇಲೆ.

ಉಲಾಂಡಿಯ ಉಪಾಯ

ಮೂರು ಒಡಲಿನ ದೋಣಿಯನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಅದರ ಹತ್ತಿರದ ಬಂಧು ಉತ್ತರ ಕನ್ನಡದ ಮರಳಿನ ಮೇಲೆಯೇ ಉಂಟು. ಕಾರವಾರದ ಕಡೆಯ ಮೀನುಗಾರರ ಸಾಂಪ್ರದಾಯಿಕ ದೋಣಿಯ ಒಂದು ಮಗ್ಗುಲಿನಿಂದ ಎರಡು ಗಳುಗಳು ಹೊರಕ್ಕೆ ಚಾಚಿರುತ್ತವೆ. ಅವುಗಳ ತುದಿಯಲ್ಲಿ ದೋಣಿಗೆ ಸಮಾನಾಂತರವಾಗಿ ಒಂದು ಮರದ ದಿಮ್ಮಿ. ಕೊಂಕಣ ತೀರದವರು ಇದನ್ನು ಉಲಾಂಡಿ ಎನ್ನುತ್ತಾರೆ. ದೋಣಿ ಆ ಕಡೆಗೆ ವಾಲಿದರೆ ದಿಮ್ಮಿ ನೀರನ್ನು ಒತ್ತಿ ತಡೆಯುತ್ತದೆ. ಈ ಕಡೆಗೆ ವಾಲಿದರೆ ತನ್ನ ಭಾರದಿಂದ ಹಿಂದಕ್ಕೆಳೆಯುತ್ತದೆ. ಸಪೂರ ದೋಣಿ ವೇಗವಾಗಿ ಓಡುತ್ತದೆ, ಆದರೆ ಬೇಗ ಮಗುಚುತ್ತದೆ. ಅಗಲವಾದದ್ದು ಮಗುಚುವುದು ಕಷ್ಟ, ಆದರೆ ಓಡುವುದೂ ಕಷ್ಟ. ಎರಡರ ಲಾಭವನ್ನೂ ಪಡೆಯಲು ಮಾನವ ಕಂಡುಕೊಂಡ ಹಂಚಿಕೆ ಇದು. ಮದರಾಸು ಪ್ರಾಂತದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ವಿನ್ಯಾಸ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಈ ಬಗೆಯ ದೋಣಿಗಳ ಮೂಲವನ್ನು ಪೂರ್ವದ ದ್ವೀಪಗಳ ನಾವಿಕರೊಂದಿಗೆ ಬೆಸೆದು ನೋಡಿದ. ಇಂಡೊನೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಎರಡೂ ಮಗ್ಗುಲಿಗೆ ದಿಮ್ಮಿ ಕಟ್ಟುವ ರೂಢಿ ಇಂದಿಗೂ ಇದೆ. ಅದೇ ಟ್ರೈಮರಾನಿನ ಅಜ್ಜ.

ನಮ್ಮ ಒಳನಾಡು ಬೇರೆ ದಾರಿ ಹಿಡಿಯಿತು. ಹರಿಗೋಲು ಬುಟ್ಟಿಯಂತೆ ದುಂಡಗೆ, ಅಗಲವಾಗಿ ಕೂರುತ್ತದೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತೊಗಲು ಹೊದಿಸಿದ ಇಂಥ ಬುಟ್ಟಿದೋಣಿಗಳಲ್ಲಿ ಜನರಷ್ಟೇ ಅಲ್ಲ, ಕುದುರೆ ಎತ್ತುಗಳೂ ಹೊಳೆ ದಾಟುವುದನ್ನು ಬರೆದಿದ್ದಾನೆ. ಹೊಳೆಗೆ ಅದು ಸಾಕು. ಅಲೆಯೆದ್ದ ಕಡಲಿಗೆ ಸಾಲದು.

ಬೀಳುವವನು, ಮುಳುಗುವವನು

ಈಗ ಮುಖ್ಯ ಪ್ರಶ್ನೆಗೆ ಬರೋಣ. ತಿಂಗಳುಗಟ್ಟಲೆ ಸಾಗರದಲ್ಲಿ ಸಂಸಾರ ಮಾಡಲು ಟ್ರೈಮರಾನ್ ಯೋಗ್ಯವೇ?

ಒಂದೇ ಒಡಲಿನ ಹಾಯಿದೋಣಿಯ ತಳದಲ್ಲಿ ಸೀಸದ ಅಥವಾ ಕಬ್ಬಿಣದ ಭಾರವಿರುತ್ತದೆ. ಮಕ್ಕಳ ತಲೆಯಾಡಿಸುವ ಗೊಂಬೆಯನ್ನು ನೆನೆಸಿಕೊಳ್ಳಿ. ಎಷ್ಟು ಬಗ್ಗಿಸಿದರೂ ಎದ್ದು ಕೂರುತ್ತದೆ. ಸರಿಯಾಗಿ ಕಟ್ಟಿದ ಇಂಥ ದೋಣಿ ಪೂರ್ತಿ ಅಡ್ಡಬಿದ್ದರೂ ಎದ್ದೇಳಬಲ್ಲದು. ಆದರೆ ಒಡಲೊಡೆದು ನೀರು ತುಂಬಿತೋ, ಆ ಭಾರವೇ ಅದನ್ನು ಪಾತಾಳಕ್ಕೆಳೆಯುತ್ತದೆ.

ಟ್ರೈಮರಾನಿನಲ್ಲಿ ಆ ಭಾರವಿಲ್ಲ. ಅದನ್ನು ನೆಟ್ಟಗೆ ನಿಲ್ಲಿಸುವುದು ಅಗಲ. ಗಾಳಿ ತಳ್ಳಿದಾಗ ಪಕ್ಕದ ಒಡಲು ನೀರನ್ನು ಒತ್ತಿ ಎದುರಿಸುತ್ತದೆ. ದೋಣಿ ಹೆಚ್ಚು ವಾಲುವುದೇ ಇಲ್ಲ. ಒಲೆಯ ಮೇಲಿನ ಪಾತ್ರೆ ಜಾರದಷ್ಟು ಸುಖ. ಆದರೆ ಈ ಸುಖದಲ್ಲೇ ಮೋಸವಿದೆ. ಒಂದು ಮಿತಿಯವರೆಗೆ ಎದುರಿಸುವ ಬಲ ಏರುತ್ತದೆ. ಆ ಮಿತಿ ದಾಟಿದ ಮೇಲೆ ಆ ಬಲ ಇಳಿಯುತ್ತಾ ಹೋಗುತ್ತದೆ. ಒಮ್ಮೆ ಅಂಗಾತವಾದರೆ, ತಲೆಕೆಳಗಾದ ಸ್ಥಿತಿಯಲ್ಲೂ ಅದು ಅಷ್ಟೇ ಸ್ಥಿರ. ಮನುಷ್ಯಬಲದಿಂದ ತಿರುಗಿಸಲಾಗದು. ಆದರೆ ಹಗುರವಾದ ಮರ, ನೊರೆಹಲಗೆಗಳಿಂದ ಕಟ್ಟಿದ್ದಾದರೆ ಮುಳುಗುವುದಿಲ್ಲ.

ಒಂದು ಬೀಳುವುದಿಲ್ಲ, ಮುಳುಗಬಹುದು. ಇನ್ನೊಂದು ಬೀಳಬಹುದು, ಮುಳುಗುವುದಿಲ್ಲ. ಯಾವುದು ಮೇಲು ಎಂಬ ವಾದ ನಾವಿಕರ ನಡುವೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದಿದೆ.

ಈ ವಾದಕ್ಕೆ 1989ರ ಒಂದು ಘಟನೆ ವಿಚಿತ್ರ ಸಾಕ್ಷಿ. ನ್ಯೂಜಿಲೆಂಡಿನಿಂದ ನಾಲ್ವರನ್ನು ಹೊತ್ತು ಹೊರಟಿದ್ದ ‘ರೋಸ್ ನೋಯೆಲ್’ ಎಂಬ ಟ್ರೈಮರಾನ್ ಜೂನ್ ಆರಂಭದಲ್ಲಿ ಬಿರುಗಾಳಿಗೆ ಸಿಕ್ಕಿ ತಲೆಕೆಳಗಾಯಿತು. ಮಳೆನೀರು ಹಿಡಿದು, ಮೀನು ಹಿಡಿದು, ಮಗುಚಿದ ದೋಣಿಯಲ್ಲೇ ಆ ನಾಲ್ವರೂ 119 ದಿನ ಬದುಕಿದರು. ಕೊನೆಗೆ ದೋಣಿ ನ್ಯೂಜಿಲೆಂಡಿನ ಗ್ರೇಟ್ ಬ್ಯಾರಿಯರ್ ದ್ವೀಪದ ದಡಕ್ಕೆ ಬಂದು ಬಡಿಯಿತು. ಅದು ಮಗುಚಿದ್ದು ಟ್ರೈಮರಾನ್ ಆದ್ದರಿಂದ. ಅವರು ಉಳಿದದ್ದೂ ಅದು ಟ್ರೈಮರಾನ್ ಆದ್ದರಿಂದ!

ಮೂರು ದೋಣಿಗಳ ಕಥೆ

ಕಟ್ಟಡದ ಗುಣದ ಬಗ್ಗೆ ತಿಳಿಯಬೇಕಾದರೆ 1968–69ರ ಗೋಲ್ಡನ್ ಗ್ಲೋಬ್ ಸ್ಪರ್ಧೆಗಿಂತ ಒಳ್ಳೆಯ ಪಾಠವಿಲ್ಲ. ಒಬ್ಬೊಬ್ಬರೇ, ಎಲ್ಲೂ ನಿಲ್ಲದೆ, ಭೂಮಿಯನ್ನು ಸುತ್ತಿ ಬರಬೇಕು. ಹೊರಟವರು ಒಂಬತ್ತು ಮಂದಿ, ಮುಗಿಸಿದವನು ಒಬ್ಬನೇ.

ಅವರಲ್ಲಿ ಇಬ್ಬರ ದೋಣಿಗಳು ಟ್ರೈಮರಾನ್. ಎರಡೂ ಅಮೆರಿಕದ ಆರ್ಥರ್ ಪೈವರ್ ರೂಪಿಸಿದ ‘ವಿಕ್ಟ್ರೆಸ್’ ಮಾದರಿಯ, ಪ್ಲೈವುಡ್ಡಿನ, ನಲವತ್ತು ಅಡಿಯವು. ಸಾಮಾನ್ಯ ಜನ ತಮ್ಮ ಹಿತ್ತಿಲಲ್ಲೇ ಅಗ್ಗವಾಗಿ ಕಟ್ಟಿಕೊಳ್ಳಲಿ ಎಂಬುದು ಪೈವರನ ಆಸೆ. 1960ರಲ್ಲಿ ಆತ 30 ಅಡಿಯ ‘ನಿಂಬಲ್’ನಲ್ಲಿ ಅಟ್ಲಾಂಟಿಕ್ ದಾಟಿ ಆ ಆಸೆಗೆ ರೆಕ್ಕೆ ಕಟ್ಟಿದ್ದ. 1968ರಲ್ಲಿ ಅವನೇ ಒಂದು ಸಣ್ಣ ಟ್ರೈಮರಾನಿನಲ್ಲಿ ಒಬ್ಬಂಟಿಯಾಗಿ ಹೋಗಿ ಸಮುದ್ರದಲ್ಲಿ ಕಣ್ಮರೆಯಾದ.

ಡೊನಾಲ್ಡ್ ಕ್ರೌಹರ್ಸ್ಟ್‌ನ ‘ಟೈನ್‌ಮತ್ ಎಲೆಕ್ಟ್ರಾನ್’ ತರಾತುರಿಯಲ್ಲಿ ತಯಾರಾದ ದೋಣಿ. ಗಡುವಿನ ಕೊನೆಯ ದಿನ, ಅಕ್ಟೋಬರ್ 31ರಂದು, ಕೆಲಸ ಮುಗಿಯದೆಯೇ ಹೊರಟಿತು. ಪಕ್ಕದ ಒಡಲುಗಳ ಮುಚ್ಚಳದಿಂದ ನೀರು ಸೋರತೊಡಗಿತು. ಮಗುಚಿದರೆ ಎತ್ತಲೆಂದು ಕೂವೆಮರದ ತುದಿಗೆ ಗಾಳಿ ತುಂಬುವ ಚೀಲ ಇತ್ತು. ಅದನ್ನು ನಡೆಸಬೇಕಾದ ಯಂತ್ರ ಪೂರ್ಣವಾಗಿರಲಿಲ್ಲ. ಇಂಥ ದೋಣಿಯಲ್ಲಿ ದಕ್ಷಿಣ ಸಾಗರಕ್ಕೆ ಹೋದರೆ ಸಾವು, ಹಿಂದಿರುಗಿದರೆ ಸಾಲ ಮತ್ತು ಅವಮಾನ. ಅವನು ಅಟ್ಲಾಂಟಿಕಿನಲ್ಲೇ ಸುತ್ತಾಡುತ್ತ, ಲೋಕ ಸುತ್ತುತ್ತಿರುವುದಾಗಿ ಸುಳ್ಳು ವರದಿ ಕಳಿಸಿದ. 1969ರ ಜುಲೈ 10ರಂದು ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

ಅವನ ಸುಳ್ಳಿಗೆ ಇನ್ನೊಂದು ದೋಣಿ ಬಲಿಯಾಯಿತು. ನೈಜೆಲ್ ಟೆಟ್ಲಿ ತನ್ನ ವಿಕ್ಟ್ರೆಸ್‌ನಲ್ಲಿ ಕೇಪ್ ಹಾರ್ನ್ ದಾಟಿ, ಹೋದ ದಾರಿಯನ್ನೇ ಮರಳಿ ಸಂಧಿಸಿ, ಟ್ರೈಮರಾನಿನಲ್ಲಿ ಹೀಗೆ ಭೂಮಿ ಸುತ್ತಿದ ಮೊದಲಿಗನಾಗಿದ್ದ. ದೋಣಿ ಅದಾಗಲೇ ಜರ್ಜರಿತವಾಗಿತ್ತು. ಹಿಂದಿನಿಂದ ಕ್ರೌಹರ್ಸ್ಟ್ ಬರುತ್ತಿದ್ದಾನೆಂದು ನಂಬಿ ಅದನ್ನು ಇನ್ನಷ್ಟು ಓಡಿಸಿದ. ಮೇ ತಿಂಗಳ ಒಂದು ರಾತ್ರಿ ಪಕ್ಕದ ಒಡಲಿನ ಮೂತಿ ಕಿತ್ತುಬಂದು ನಡುವಣ ಒಡಲನ್ನೇ ತೂತು ಮಾಡಿತು. ಮನೆ ಇನ್ನು ಸುಮಾರು 1,100 ನಾಟಿಕಲ್ ಮೈಲಿ ಇರುವಾಗ ದೋಣಿ ಮುಳುಗಿತು. ಅವನು ರಕ್ಷಣಾ ತೆಪ್ಪವೇರಿ ಪಾರಾದ. ಟ್ರೈಮರಾನ್ ಮುಳುಗುವುದಿಲ್ಲ ಎಂಬ ಮಾತಿಗೂ ಷರತ್ತುಗಳುಂಟು ಎಂಬುದನ್ನು ಇದು ತೋರಿಸಿತು.

ಗೆದ್ದದ್ದು ಯಾವುದು? ಮುಂಬಯಿಯಲ್ಲಿ ನಮ್ಮವರೇ ತೇಗದ ಮರದಲ್ಲಿ, ಬಾಚಿ ಮತ್ತು ಕೈ ಬೈರಿಗೆಗಳಿಂದ ಕಟ್ಟಿದ ‘ಸುಹೈಲಿ’. 32 ಅಡಿಯ, ಒಂದೇ ಒಡಲಿನ, ನಿಧಾನವಾದ ದೋಣಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್ ಸೇರಿದ. ಸುಹೈಲಿಯೂ ಸೋರಿತ್ತು. ಆದರೆ ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಎಟಕುತ್ತಿತ್ತು. ಅವನು ನೀರಿಗಿಳಿದು ಹಲಗೆಯ ಸಂದು ಮುಚ್ಚಿದ. ದೋಷವೇ ಇಲ್ಲದ ದೋಣಿಗಿಂತ, ದೋಷವನ್ನು ತೋರಿಸಿಕೊಂಡು ರಿಪೇರಿಗೆ ಒಗ್ಗುವ ದೋಣಿ ದೂರದ ಪ್ರಯಾಣಕ್ಕೆ ಮೇಲು ಎಂಬುದು ಇಲ್ಲಿನ ನೀತಿ.

ಹಾಗೆಂದು ಟ್ರೈಮರಾನೇ ಕೆಟ್ಟದ್ದೆಂದು ತೀರ್ಮಾನಿಸಬಾರದು. 1980ರ ಒಂಟಿ ನಾವಿಕರ ಅಟ್ಲಾಂಟಿಕ್ ಸ್ಪರ್ಧೆಯನ್ನು 65 ವರ್ಷದ ಫಿಲ್ ವೆಲ್ಡ್ ಗೆದ್ದದ್ದು ಡಿಕ್ ನ್ಯೂವಿಕ್ ರೂಪಿಸಿದ ‘ಮಾಕ್ಸಿ’ ಎಂಬ ಟ್ರೈಮರಾನಿನಲ್ಲಿ. 2017ರಲ್ಲಿ ಫ್ರಾನ್ಸಿಸ್ ಜ್ವಾಯೋನ್ ತಂಡ ಭೂಮಿ ಸುತ್ತಲು ತೆಗೆದುಕೊಂಡದ್ದು 41 ದಿನಕ್ಕೂ ಕಡಿಮೆ, ಅದೂ ಟ್ರೈಮರಾನೇ. ವ್ಯತ್ಯಾಸವಿರುವುದು ವಿನ್ಯಾಸದಲ್ಲಿ ಮತ್ತು ಬೆಸುಗೆಯಲ್ಲಿ.

ತಟ್ಟಿ ನೋಡುವ ವಿದ್ಯೆ

ಹಾಗಾದರೆ ದೋಣಿಯ ಪರೀಕ್ಷಕ ಏನೇನು ನೋಡುತ್ತಾನೆ?

ಮೊದಲನೆಯದು ಅಡ್ಡತೊಲೆ. ಕಾವಡಿ ಹೊತ್ತವನ ಭಾರವೆಲ್ಲ ಹೆಗಲ ಮೇಲಿನ ಅಂಗೈಯಗಲ ಜಾಗಕ್ಕೆ ಬೀಳುವಂತೆ, ಮೂರು ಒಡಲುಗಳ ಎಳೆದಾಟವೆಲ್ಲ ತೊಲೆ ಮತ್ತು ಒಡಲು ಸೇರುವ ಸಂದಿನಲ್ಲಿ ಬೀಳುತ್ತದೆ. ಪ್ರತಿ ಅಲೆಯೂ ಒಂದೊಂದು ಒಡಲನ್ನು ಒಂದೊಂದು ಕಡೆಗೆ ತಿರುಚುತ್ತದೆ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಮೇಲ್ಮೈಯ ಮಾತೋ, ಒಳಗಿನ ಮಾತೋ ಎಂದು ಕೆರೆದು ನೋಡಬೇಕು. ಬೋಲ್ಟುಗಳನ್ನು ಒಂದೆರಡಾದರೂ ಕಳಚಿ ನೋಡಬೇಕು. ತುಕ್ಕು ಹಿಡಿಯದೆಂದು ನಾವು ನಂಬುವ ಸ್ಟೀಲು, ಗಾಳಿಯಾಡದ ಒದ್ದೆ ಸಂದಿನಲ್ಲಿ ಗುಟ್ಟಾಗಿ ಸವೆಯುತ್ತದೆ.

ಎರಡನೆಯದು ಸದ್ದು. ತಿಪಟೂರಿನ ಕಡೆ ಕೊಬ್ಬರಿಯಾಗಿದೆಯೇ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಡಿಗೆ ಕೊಳ್ಳುವಾಕೆ ಬೆರಳಿನಿಂದ ತಟ್ಟುತ್ತಾಳೆ. ದೋಣಿ ಪರೀಕ್ಷಕನೂ ಪುಟ್ಟ ಸುತ್ತಿಗೆಯಿಂದ ಒಡಲಿನುದ್ದಕ್ಕೂ ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಕಡೆ ಕಣಕಣ; ಪದರ ಬಿಟ್ಟ ಕಡೆ, ಪ್ಲೈವುಡ್ ಕೊಳೆತ ಕಡೆ ಮಂಕು ಸದ್ದು.

ಮೂರನೆಯದು ಪಕ್ಕದ ಒಡಲಿನ ಗಾತ್ರ. ಹಳೆಯ ಮಾದರಿಗಳಲ್ಲಿ ಅವು ಚಿಕ್ಕವು. ಜೋರು ಗಾಳಿಗೆ ನೀರೊಳಗೆ ಹುದುಗಿ, ದೋಣಿ ಮುಗ್ಗರಿಸುತ್ತಿತ್ತು. ಇಡೀ ದೋಣಿಯ ತೂಕವನ್ನು ಒಂದೇ ಪಕ್ಕದ ಒಡಲು ಹೊತ್ತರೂ ತೇಲಿ ಉಳಿಯುವಂತಿರಬೇಕೆಂಬುದು ನಂತರದ ವಿನ್ಯಾಸಕಾರರು ಕಲಿತ ಪಾಠ. ಉದ್ದವೂ ಲೆಕ್ಕಕ್ಕೆ ಬರುತ್ತದೆ. ಅದೇ ಆಕಾರದ ದೋಣಿಯನ್ನು ಎರಡು ಪಟ್ಟು ದೊಡ್ಡದು ಮಾಡಿದರೆ ಗಾಳಿಯ ಉರುಳಿಸುವ ಶಕ್ತಿ 8 ಪಟ್ಟು, ಎದುರಿಸುವ ಶಕ್ತಿ 16 ಪಟ್ಟು ಹೆಚ್ಚುತ್ತದೆ. ಆದ್ದರಿಂದಲೇ ಸಣ್ಣ ಟ್ರೈಮರಾನಿಗೆ ಅಪಾಯ ಹೆಚ್ಚು.

ನಾಲ್ಕನೆಯದು ಹೊರೆ. ಟ್ರೈಮರಾನ್ ಹಗುರವಾಗಿದ್ದಾಗ ಮಾತ್ರ ಟ್ರೈಮರಾನ್. ಸಂಸಾರದ ಸಾಮಾನೆಲ್ಲ ತುಂಬಿದರೆ ಅಲೆಗಳು ಅಡ್ಡತೊಲೆಯ ಅಡಿಗೆ ಬಡಿಯತೊಡಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನೀರಿನ ಮೇಲೂ ನಿಜ. ಇದು ಬರಿಯ ಶ್ರೀಮಂತರ ವಿಹಾರದೋಣಿಯ ಮಾತಲ್ಲ. 2019ರ ಜನವರಿ 21ರಂದು ಕಾರವಾರ ಸಮೀಪದ ಕೂರ್ಮಗಡದ ಜಾತ್ರೆಯ ದಿನ ಭಕ್ತರ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಮಿತಿಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಯಿತು. ದೋಣಿಯ ಯೋಗ್ಯತೆ ಹಲಗೆಯಲ್ಲಿ ಅರ್ಧ, ಹತ್ತಿಸಿಕೊಳ್ಳುವವನ ವಿವೇಕದಲ್ಲಿ ಅರ್ಧ.

ಐದನೆಯದು ಮಗುಚಿದ ಮೇಲಿನ ಏರ್ಪಾಡು. ಒಡಲಿನೊಳಗೆ ನೀರು ದಾಟದ ಅಡ್ಡಗೋಡೆಗಳಿವೆಯೇ? ತಲೆಕೆಳಗಾದಾಗ ಹೊರಬರಲು ಕಿಂಡಿ ಇದೆಯೇ? ಕುಡಿಯುವ ನೀರು ಆಗಲೂ ಕೈಗೆಟಕುತ್ತದೆಯೇ? ಮಾರುವವನು ಇಂಥ ಪ್ರಶ್ನೆಗೆ ಮುಖ ಸಿಂಡರಿಸಿದರೆ ಬೇರೆ ದೋಣಿ ನೋಡುವುದು ಲೇಸು.

ಕೊನೆಯದು ನಡೆಸುವವನು. ಒಂದೇ ಒಡಲಿನ ದೋಣಿ ವಾಲಿ ಎಚ್ಚರಿಸುತ್ತದೆ. ಟ್ರೈಮರಾನ್ ಎಚ್ಚರಿಸುವುದಿಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಮಡಿ. ಆದ್ದರಿಂದ ದೋಣಿ ಹೇಳುವ ಮೊದಲೇ ಗಾಳಿಮಾಪಕ ನೋಡಿ ಹಾಯಿ ಕಿರಿದು ಮಾಡಬೇಕು.

ಮತ್ತೆ ಕಟ್ಟಿನ ಕಡೆಗೆ

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ಭಾರತೀಯ ನೌಕಾಪಡೆಗೆ ಸೇರಿತು. ಅದು ಟ್ರೈಮರಾನ್ ಅಲ್ಲ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ನೋಡಿ ಕಟ್ಟಿದ್ದು. ಅದರ ಹಲಗೆಗಳನ್ನು ಮೊಳೆಯಿಂದ ಜಡಿದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ನಮಗೆ ಚಿರಪರಿಚಿತವಾದ ಗಂಡಭೇರುಂಡ. ಹಳೆಯ ನಕ್ಷೆ ಯಾವುದೂ ಉಳಿದಿಲ್ಲದ ಕಾರಣ ಮದರಾಸಿನ ಐಐಟಿಯಲ್ಲಿ ಮಾದರಿಯಿಟ್ಟು ನೀರಿನಲ್ಲಿ ಪರೀಕ್ಷಿಸಿದರು. 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟು, ಮುಂದಿನ ಜನವರಿಯಲ್ಲಿ ಅದು ಮಸ್ಕತ್ ಮುಟ್ಟಿತು. ಹೊಲಿದ ಹಲಗೆ ಅಲೆಗೆ ತುಸು ಬಾಗುತ್ತದೆ. ಸೆಟೆದು ನಿಂತು ಸೀಳುವುದಿಲ್ಲ. ಗಳುವಿಗೆ ದಿಮ್ಮಿಯನ್ನು ಹಗ್ಗದಲ್ಲೇ ಬಿಗಿಯುತ್ತಿದ್ದವರಿಗೂ ಈ ಮರ್ಮ ತಿಳಿದಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಸಮುದ್ರದ ಕೈಯಲ್ಲಿ ಆ ದೊಣ್ಣೆ ಯಾವಾಗಲೂ ಇರುತ್ತದೆ. ಅದು ಬಣ್ಣವನ್ನಾಗಲಿ ಬೆಲೆಯನ್ನಾಗಲಿ ನೋಡಿ ಹೊಡೆಯುವುದಿಲ್ಲ. ಬಣ್ಣದ ಹಿಂದೆ, ಯಾರ ಕಣ್ಣಿಗೂ ಬೀಳದ ಸಂದಿನಲ್ಲಿ ಬಡಗಿ ಮಾಡಿದ ಕೆಲಸವನ್ನೇ ಹುಡುಕಿ ಹೊಡೆಯುತ್ತದೆ. ದೋಣಿ ಕೊಳ್ಳುವವನು ಮೊದಲು ನೋಡಬೇಕಾದದ್ದೂ ಆ ಸಂದನ್ನೇ.