ನದಿ ಹೆಪ್ಪುಗಟ್ಟುವ ಲೆಕ್ಕ: ಕಿಲೋಮೀಟರಿಗೆ 5,500 ಟನ್

ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಗೆ ಸಮೀಪದ ನಂದಿಬೆಟ್ಟದ ಎತ್ತರ 1,478 ಮೀಟರ್. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಬೆಂಗಳೂರಿನ ಕನಿಷ್ಠ ಉಷ್ಣಾಂಶದ ದಾಖಲೆ 7.8 ಡಿಗ್ರಿ ಸೆಲ್ಸಿಯಸ್, 1884ರ ಜನವರಿಯದು. ಕಿಲೋಮೀಟರ್ ಎತ್ತರಕ್ಕೆ 6.5 ಡಿಗ್ರಿ ಇಳಿಕೆ ಎಂದು ಹಿಡಿದರೂ ಬೆಟ್ಟದ ನೆತ್ತಿಯಲ್ಲಿ ಆ ದಿನ ಸುಮಾರು 4 ಡಿಗ್ರಿ ಇದ್ದಿರಬೇಕು; ಅಂದರೆ ಇಲ್ಲಿನ ನದಿಗಳು ಹೆಪ್ಪುಗಟ್ಟುವುದಿಲ್ಲ. ಲಡಾಖ್‌ನ ಝನ್ಸ್‌ಕಾರ್ ನದಿಯಾದರೋ ಜನವರಿ-ಫೆಬ್ರವರಿಯಲ್ಲಿ ಜನ ನಡೆದು ಹೋಗುವಷ್ಟು ಗಟ್ಟಿಯಾಗುತ್ತದೆ.

ಒಂದು ಕಿಲೋ ನೀರು ಒಂದು ಡಿಗ್ರಿ ತಣಿಯಲು 4.2 ಕಿಲೋಜೂಲ್ ಶಾಖ ಬಿಟ್ಟುಕೊಟ್ಟರೆ ಸಾಕು. ಸೊನ್ನೆ ಡಿಗ್ರಿಯ ನೀರು ಅದೇ ಉಷ್ಣಾಂಶದ ಮಂಜುಗಡ್ಡೆಯಾಗಲು 334 ಕಿಲೋಜೂಲ್ ಬಿಡಬೇಕು. ಅಂದರೆ ಸುಮಾರು 80 ಪಟ್ಟು.

4 ಡಿಗ್ರಿಗಿಂತ ತಣ್ಣಗಾದ ನೀರು ಹಗುರ. ಹಾಗಾಗಿ ಕೆರೆಯಲ್ಲಿ ಅದು ಮೇಲೇ ನಿಂತು ಮೊದಲು ಹೆಪ್ಪುಗಟ್ಟುತ್ತದೆ. ನದಿಯ ಸೆಳೆತ ಮೇಲಿನ ನೀರನ್ನು ತಳದವರೆಗೆ ಕಲಸುವುದರಿಂದ ಇಡೀ ಪ್ರವಾಹ ಸೊನ್ನೆಗಿಂತ 0.01ರಿಂದ 0.1 ಡಿಗ್ರಿ ಕೆಳಗಿಳಿಯುತ್ತದೆ. ಆಗ ಕೆಲವೇ ಮಿಲಿಮೀಟರ್ ಅಗಲದ ಬಿಲ್ಲೆಯಾಕಾರದ ಹರಳುಗಳು ಮೂಡುತ್ತವೆ; ಇವಕ್ಕೆ ಫ್ರೇಜಿಲ್ ಎಂದು ಹೆಸರು. ಕೆಲವು ತಳದ ಕಲ್ಲಿಗೆ ಅಂಟುತ್ತವೆ, ಉಳಿದವು ಒಟ್ಟುಗೂಡಿ ತೇಲುತ್ತವೆ. ದಡದಿಂದ ಬೆಳೆದು ಬರುವ ಪದರಕ್ಕೆ ಅವು ಸೇರಿಕೊಂಡಾಗ ನದಿ ಮುಚ್ಚುತ್ತದೆ.

ಪದರದ ಮುಂದಿನ ದಪ್ಪವನ್ನು 'ಡಿಗ್ರಿ-ದಿನ'ದಿಂದ ಅಂದಾಜಿಸುತ್ತಾರೆ: ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ, ಎಷ್ಟು ದಿನ ಎಂಬುದರ ಗುಣಲಬ್ಧ. ಮೈನಸ್ 10 ಡಿಗ್ರಿ 40 ದಿನ ಇದ್ದರೆ 400. ಇದರ ವರ್ಗಮೂಲ 20. ಹಿಮ ಹೊದ್ದ ನದಿಗೆ ಸುಮಾರು 1.5ರಿಂದ ಗುಣಿಸಿದರೆ 30 ಸೆಂಟಿಮೀಟರ್. ದಪ್ಪ 60 ಆಗಲು 800 ಸಾಲದು, 1,600 ಬೇಕು. ಕಟ್ಟಿದ ಪದರವೇ ಕೆಳಗಿನ ನೀರಿನ ಶಾಖವನ್ನು ತಡೆಯುತ್ತದೆ. ಮುದ್ದೇನಹಳ್ಳಿಯ ಡಿಗ್ರಿ-ದಿನದ ಮೊತ್ತ: 0.

20 ಮೀಟರ್ ಅಗಲದ ನದಿಯ ಒಂದು ಕಿಲೋಮೀಟರಿನಲ್ಲಿ 30 ಸೆಂಟಿಮೀಟರ್ ದಪ್ಪದ ಪದರವೆಂದರೆ 6,000 ಘನ ಮೀಟರ್. ಘನ ಮೀಟರಿಗೆ 917 ಕಿಲೋದಂತೆ ತೂಕ ಸುಮಾರು 5,500 ಟನ್. ಅದು ಬಿಟ್ಟ ಶಾಖ 5.1 ಲಕ್ಷ ಯೂನಿಟ್ (ಕಿಲೋವ್ಯಾಟ್-ಗಂಟೆ). ಒಂದು ಯೂನಿಟ್ ವಿದ್ಯುತ್ತಿನಿಂದ 2.5 ಯೂನಿಟ್ ಶಾಖ ತೆಗೆಯುವ ಯಂತ್ರಕ್ಕೆ ಇದೇ ಕೆಲಸ ಕೊಟ್ಟರೆ 2.04 ಲಕ್ಷ ಯೂನಿಟ್ ಬೇಕು. ಯೂನಿಟ್‌ಗೆ ₹7 ಎಂದು ಹಿಡಿದರೆ ₹14.3 ಲಕ್ಷ.

ಟನ್ನಿಗೆ ಇದು ₹260. ಚಿಕ್ಕಬಳ್ಳಾಪುರದಲ್ಲಿ 25 ಡಿಗ್ರಿಯ ನೀರಿನಿಂದ ಶುರುಮಾಡಿದರೆ ₹340. ನದಿಗೆ ಚಳಿಗಾಲ ಬಿಟ್ಟಿಯಾಗಿ ಮಾಡಿಕೊಡುವ ಕೆಲಸಕ್ಕೆ ಈ ಸೀಮೆಯಲ್ಲಿ ಕರೆಂಟ್ ಬಿಲ್ ಕಟ್ಟದೆ ವಿಧಿಯಿಲ್ಲ.