ಗಂಟೆ ಕೇಳಿಸಿತು, ಮಾತು ತಿಳಿಯುವುದು ಯಾವಾಗ?

'ಆಪರೇಷನ್ ಆಗಿ ಮೂರು ತಿಂಗಳಾಯಿತು. ಗುಡಿಯ ಗಂಟೆ ಬಾರಿಸಿದರೆ ಮಗು ತಿರುಗುತ್ತದೆ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಎಲ್ಲ ವ್ಯರ್ಥವಾಯಿತೇ?'

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮಗುವಿನ ತಾಯಂದಿರನ್ನು ಕಾಡುವ ಪ್ರಶ್ನೆ ಇದು. ನಂಜನಗೂಡು, ತಿ. ನರಸೀಪುರದ ಕಡೆಯಿಂದ ಕೂಲಿ ಬಿಟ್ಟು, ಬಸ್ಸು ಹತ್ತಿ ಮೈಸೂರಿಗೆ ಬರುವವರಿಗೆ ಉತ್ತರ ತಿಳಿಯಲೇಬೇಕು. ಇಲ್ಲವಾದರೆ ಬೇಸತ್ತು ತರಬೇತಿಯನ್ನೇ ನಿಲ್ಲಿಸಿಬಿಡುವ ಅಪಾಯವುಂಟು.

ಒಳಗಿವಿಯಲ್ಲಿ ಇಟ್ಟ ಸಾಧನವು ಶಬ್ದವನ್ನು ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ತಲುಪಿಸುತ್ತದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ನಂತರ ಹೊರಗಿನ ಯಂತ್ರವನ್ನು ಜೋಡಿಸಿ ಚಾಲನೆ ಮಾಡುತ್ತಾರೆ. ಮಗುವಿನ 'ಕೇಳುವ ವಯಸ್ಸು' ಶುರುವಾಗುವುದು ಅಂದಿನಿಂದ. ಮೂರು ವರ್ಷದ ಮಗುವಾದರೂ ಕೇಳುವುದರಲ್ಲಿ ಅದು ಎರಡು ತಿಂಗಳ ಕೂಸು. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ.

ಪ್ರಗತಿಯನ್ನು ಅಳೆಯುವುದು ಹೇಗೆ? 1995ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ತಜ್ಞರು ಪ್ರಕಟಿಸಿದ 'ಕ್ಯಾಪ್' ಎಂಬ ಅಳತೆಗೋಲಿನಲ್ಲಿ 0ಯಿಂದ 7ರವರೆಗೆ ಮೆಟ್ಟಿಲುಗಳಿವೆ. ಗಂಟೆಯ ಸದ್ದಿಗೆ ತಿರುಗುವುದು 1ನೇ ಮೆಟ್ಟಿಲು. ಮಾತಿನ ಧ್ವನಿಗೆ ಸ್ಪಂದಿಸುವುದು 2ನೆಯದು. ತುಟಿ ನೋಡದೆ 'ಹಾಲು ಬೇಕಾ?' ಎಂಬಂಥ ನಿತ್ಯದ ಮಾತು ತಿಳಿಯುವುದು 5ನೆಯದು. ಪರಿಚಿತರೊಡನೆ ಫೋನಿನಲ್ಲಿ ಮಾತಾಡಿದರೆ 7ನ್ನು ಮುಟ್ಟಿದಂತೆ. ಗಂಟೆಗೆ ತಿರುಗಿದ ಮಗು ಸೋತಿಲ್ಲ, ಏರತೊಡಗಿದೆ.

ತೀರಾ ಎಳೆಯ ಮಕ್ಕಳಿಗಾಗಿ ಇನ್ನೊಂದು ವಿಧಾನವಿದೆ. ತಾಯಿಗೆ 10 ಪ್ರಶ್ನೆ ಕೇಳಿ, ಒಂದೊಂದಕ್ಕೂ 0ಯಿಂದ 4 ಅಂಕ ಕೊಟ್ಟು, ಒಟ್ಟು 40ಕ್ಕೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಮನೆಯಲ್ಲಿ ನೀವು ಕಂಡದ್ದೂ ಪರೀಕ್ಷೆಯ ಭಾಗವೇ.

ಮನೆಯಲ್ಲೇ ದಿನವೂ ಮಾಡಬಹುದಾದ ಪರೀಕ್ಷೆಯೂ ಇದೆ. ಡೇನಿಯಲ್ ಲಿಂಗ್ ಎಂಬ ತಜ್ಞರು ರೂಪಿಸಿದ ಇದರಲ್ಲಿ ಆರೇ ಧ್ವನಿಗಳು: ಆ, ಊ, ಈ, ಶ್, ಸ್, ಮ್. ಮಾತಿನ ತಗ್ಗು ಸ್ವರದಿಂದ ಕೀರಲು ಸ್ವರದವರೆಗೆ ಇವು ವ್ಯಾಪಿಸುತ್ತವೆ. ಬೆಳಿಗ್ಗೆ ಯಂತ್ರ ತೊಡಿಸಿ, ಮಗುವಿನ ಹಿಂದೆ ಕುಳಿತು, ಕ್ರಮ ಬದಲಿಸಿ ಒಂದೊಂದನ್ನೇ ಹೇಳಿ. ನಡುನಡುವೆ ಸುಮ್ಮನಿರಿ. ಕೇಳಿದಾಗಲೆಲ್ಲ ಮಗು ಡಬ್ಬಿಗೆ ಒಂದು ಮಣಿ ಹಾಕಲಿ. ಫಲಿತಾಂಶವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಿನ್ನೆ ಕೇಳಿದ 'ಸ್' ಇಂದು ಕೇಳದಿದ್ದರೆ ಮೊದಲು ಬ್ಯಾಟರಿ, ವೈರು ನೋಡಿ. ಆಗಲೂ ಸರಿಹೋಗದಿದ್ದರೆ ಮುಂದಿನ ತಾರೀಖಿಗೆ ಕಾಯದೆ ತಜ್ಞರನ್ನು ಕಾಣಿ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ಹೋಗುವಾಗ ನೋಟ್‌ಬುಕ್ ಮರೆಯಬೇಡಿ. ಯಂತ್ರವನ್ನು ಮಗುವಿಗೆ ಹೊಂದಿಸಲು ತಜ್ಞರಿಗೆ ಅದೂ ದಾರಿ ತೋರುತ್ತದೆ.