ಎಂಬತ್ತು ದಾಟಿದರೆ ನಡುಗುವ ಕಾರು

ತಂಗಿಯ ಮನೆಯವರು ಬಹಳ ದಿನಗಳ ಉಳಿತಾಯದಿಂದ ಎಂಟು ವರ್ಷ ಹಳೆಯ ಸಣ್ಣ ಕಾರೊಂದನ್ನು ಖರೀದಿಸಿದರು. ಅದು ಆಡಂಬರಕ್ಕಾಗಿ ಕೊಂಡ ಕಾರಲ್ಲ. ಅತ್ತೆಯನ್ನು ತಿಂಗಳಿಗೊಮ್ಮೆ ಉಡುಪಿಯಿಂದ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಕಾರಿನ ಬಣ್ಣ ಚೆನ್ನಾಗಿತ್ತು, ಸೀಟು ಸ್ವಚ್ಛವಾಗಿತ್ತು. ಊರೊಳಗೆ ಓಡಿಸಿ ನೋಡಿದಾಗ ಯಾವ ದೂರೂ ಇರಲಿಲ್ಲ. ಆದರೆ ಮೊದಲ ಸಲ ಹೆದ್ದಾರಿಗೆ ಇಳಿದು ವೇಗ 80 ಕಿ.ಮೀ. ದಾಟಿದಾಗ ಕಾರು ನಡುಗಲಾರಂಭಿಸಿತು.

ಮಾರಿದವರಿಗೆ ಫೋನ್ ಮಾಡಿದರೆ "ರಸ್ತೆ ಸರಿ ಇಲ್ಲದಿರಬಹುದು" ಎಂಬ ಉತ್ತರ ಬಂತು. ಗ್ಯಾರೇಜಿನವರು ಅಲೈನ್‌ಮೆಂಟ್ ಮಾಡಿದರು, ನಡುಕ ಹೋಗಲಿಲ್ಲ. ಮುಂದಿನ ಎರಡು ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿದರು, ಆಗಲೂ ಹೋಗಲಿಲ್ಲ. ಎಂಜಿನ್ ಮೌಂಟ್ ಬದಲಾಯಿಸಿದರು. ಹಣ ಹೋಯಿತು, ನಡುಕ ಉಳಿಯಿತು. ಕೊನೆಗೆ ಬಾವ "ಎಂಬತ್ತರ ಒಳಗೇ ಓಡಿಸಿದರಾಯಿತು" ಎಂದು ಸಮಾಧಾನ ಮಾಡಿಕೊಂಡರು.

ಅದೊಂದು ಅಪಾಯದ ಸಮಾಧಾನವಾಗಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ.

ವಾಷಿಂಗ್ ಮೆಷಿನ್ ಕಲಿಸುವ ಪಾಠ

ನಿಧಾನವಾಗಿ ಹೋಗುವಾಗ ಇಲ್ಲದ ನಡುಕ ವೇಗದಲ್ಲಿ ಮಾತ್ರ ಏಕೆ ಬರುತ್ತದೆ? ಇದಕ್ಕೆ ಉತ್ತರ ನಮ್ಮ ಮನೆಯೊಳಗೇ ಇದೆ. ವಾಷಿಂಗ್ ಮೆಷಿನ್‌ನಲ್ಲಿ ಒದ್ದೆ ಬಟ್ಟೆಯೆಲ್ಲ ಒಂದೇ ಬದಿಗೆ ಸೇರಿದಾಗ ಏನಾಗುತ್ತದೆಂದು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ನಿಧಾನವಾಗಿ ತಿರುಗುವಾಗ ಏನೂ ತಿಳಿಯುವುದಿಲ್ಲ. ಹಿಂಡುವ ವೇಗ ಹಿಡಿದೊಡನೆ ಯಂತ್ರವೇ ಕುಣಿಯತೊಡಗುತ್ತದೆ. ಕಾರಿನ ಚಕ್ರದಲ್ಲೂ ನಡೆಯುವುದು ಇದೇ.

ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸಲ ತಿರುಗುತ್ತದೆ. ಚಕ್ರದ ಅಂಚಿನಲ್ಲಿ ಒಂದು ಬದಿಗೆ ಕೇವಲ 30 ಗ್ರಾಂ ತೂಕ ಹೆಚ್ಚಿದ್ದರೂ, ಆ ವೇಗದಲ್ಲಿ ಅದು ಮೂರು ಕಿಲೋ ಭಾರಕ್ಕೂ ಮಿಕ್ಕಿದ ಬಲದಿಂದ ಚಕ್ರವನ್ನು ಎಳೆದಾಡುತ್ತದೆ. ವೇಗ ಇಮ್ಮಡಿಯಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದಲೇ 40 ಕಿ.ಮೀ. ವೇಗದಲ್ಲಿ ಯಾರ ಗಮನಕ್ಕೂ ಬಾರದ ದೋಷ ಹೆದ್ದಾರಿಯಲ್ಲಿ ಬಯಲಾಗುತ್ತದೆ.

ಕೆಲವು ಕಾರುಗಳಲ್ಲಿ 90ರ ಆಸುಪಾಸಿನಲ್ಲಿ ಜೋರಾದ ನಡುಕ ವೇಗ ಇನ್ನೂ ಹೆಚ್ಚಿದಾಗ ಕಡಿಮೆಯಾದಂತೆ ಕಾಣುವುದುಂಟು. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಎತ್ತರಕ್ಕೆ ತೂಗುತ್ತದಲ್ಲವೇ? ಕಾರಿನ ಸಸ್ಪೆನ್ಷನ್, ಸ್ಟಿಯರಿಂಗ್‌ಗಳಿಗೂ ಹಾಗೆಯೇ ತಮ್ಮದೇ ಲಯವಿದೆ. ಚಕ್ರದ ಲಯ ಅದಕ್ಕೆ ಹೊಂದಿದಾಗ ನಡುಕ ದೊಡ್ಡದಾಗುತ್ತದೆ. ವೇಗ ಹೆಚ್ಚಿಸಿದಾಗ ನಡುಕ ಕಡಿಮೆಯಾಯಿತೆಂದರೆ ದೋಷ ಹೋಯಿತೆಂದು ಅರ್ಥವಲ್ಲ.

ಎಲ್ಲಿ, ಯಾವಾಗ ನಡುಗುತ್ತದೆ?

ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳುವುದು ನೋವು ಎಲ್ಲಿ, ಯಾವಾಗ ಎಂದು. ಕಾರಿಗೂ ಇದೇ ಪ್ರಶ್ನೆ ಕೇಳಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಕೈ ಮತ್ತು ಬೆನ್ನು ಸಾಕು.

ಸ್ಟಿಯರಿಂಗ್ ನಡುಗಿದರೆ ಹೆಚ್ಚಾಗಿ ದೋಷ ಮುಂದಿನ ಚಕ್ರಗಳಲ್ಲಿರುತ್ತದೆ. ಸ್ಟಿಯರಿಂಗ್ ಸುಮ್ಮನಿದ್ದು ಸೀಟು ಮತ್ತು ನೆಲ ನಡುಗಿದರೆ ಹಿಂದಿನ ಚಕ್ರಗಳ ಮೇಲೆ ಸಂಶಯಪಡಬೇಕು.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿ, ಪೆಡಲ್ ಕಾಲಿಗೆ ಮಿಡಿದಂತಾದರೆ ಬ್ರೇಕ್ ಡಿಸ್ಕ್ ಸಮನಾಗಿ ಉಳಿದಿಲ್ಲವೆಂದು ತಿಳಿಯಬಹುದು. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದೊಡನೆ ನಿಂತರೆ ಎಂಜಿನ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಒಳಗಿನ ಜಾಯಿಂಟ್ ಸವೆದಿರುವ ಸಾಧ್ಯತೆಯಿದೆ. ಅದೇ ವೇಗದಲ್ಲಿ ಗೇರ್ ಬದಲಿಸಿದಾಗ ನಡುಕವೂ ಬದಲಾದರೆ, ಅಥವಾ ನಿಂತ ಕಾರಿನಲ್ಲಿ ಎಂಜಿನ್ ಜೋರು ಮಾಡಿದಾಗಲೂ ನಡುಕ ಬಂದರೆ, ಆಗ ಎಂಜಿನ್ ಮತ್ತು ಅದರ ಮೌಂಟ್‌ಗಳನ್ನು ನೋಡಬೇಕು. ನಡುಕಕ್ಕಿಂತ ಗುಂಯ್‌ಗುಡುವ ಸದ್ದೇ ಹೆಚ್ಚಾಗಿದ್ದು, ತಿರುವಿನಲ್ಲಿ ಅದು ಏರಿಳಿದರೆ ಚಕ್ರದ ಬೇರಿಂಗ್ ಕೆಟ್ಟಿರಬಹುದು.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋದರೆ ಅರ್ಧ ಖರ್ಚು ಉಳಿಯುತ್ತದೆ. "ಕಾರು ನಡುಗುತ್ತದೆ" ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯಿಂದ ಒಂದೊಂದೇ ಭಾಗ ಬದಲಿಸುತ್ತಾ ಹೋಗುತ್ತಾನೆ. ನಮ್ಮಲ್ಲಿ ಆದದ್ದೂ ಅದೇ.

ಹಿಂದಿನ ಸೀಟಿನ ಸಾಕ್ಷಿ

ಕಾರು ಓಡಿಸುತ್ತಿದ್ದುದು ಬಾವ. ಗ್ಯಾರೇಜಿಗೆ ಹೋಗುತ್ತಿದ್ದುದೂ ಅವರೇ. ತಂಗಿ ಮತ್ತು ಅತ್ತೆ ಯಾವಾಗಲೂ ಹಿಂದಿನ ಸೀಟಿನಲ್ಲಿ. ಒಂದು ದಿನ ನಾನೂ ಜೊತೆಯಲ್ಲಿದ್ದಾಗ ತಂಗಿ ಹೇಳಿದಳು: "ನಡುಕ ನನ್ನ ಸೀಟಿನ ಅಡಿಯಿಂದಲೇ ಬರುತ್ತದೆ. ಎಡಬದಿಯಲ್ಲಿ ಹೆಚ್ಚು. ಅತ್ತೆಯ ಸೊಂಟಕ್ಕೆ ನೋವಾಗುವುದು ಅದರಿಂದಲೇ."

"ಇದನ್ನು ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳಿದೆ. "ಹೇಳಿದ್ದೆ, ನಿನಗೆ ಕಾರಿನ ವಿಷಯ ಏನು ಗೊತ್ತು ಎಂದರು" ಎಂದಳು. ಬಾವ ಸುಮ್ಮನಾದರು.

ಮರುದಿನ ಹಳೆಯ ಟೈರ್ ಅಂಗಡಿಯೊಂದಕ್ಕೆ ಹೋಗಿ ಅವಳ ಮಾತನ್ನೇ ಹೇಳಿದೆವು. ಅಂಗಡಿಯ ಹಿರಿಯರು ಕಾರಿನ ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ಎಡಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದರು. ಟೈರಿನ ಮೇಲ್ಮೈ ಒಂದು ಕಡೆ ಏರಿ ಇಳಿಯುವುದು ಬರಿಗಣ್ಣಿಗೇ ಕಾಣಿಸಿತು. ಚಕ್ರ ಬಿಚ್ಚಿ ಒಳಬದಿ ನೋಡಿದಾಗ ಅಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಇತ್ತು. ಟೈರಿನ ಒಳಗಿನ ಪದರಗಳು ಬಿಟ್ಟುಕೊಂಡಿದ್ದವು. ಹೊರಗಿನಿಂದ ನೋಡುವವರಿಗೆ ಅದು ಹೊಸದರಂತೆ ಹೊಳೆಯುತ್ತಿತ್ತು.

"ಇದು ಬ್ಯಾಲೆನ್ಸಿಂಗ್‌ನಿಂದ ಸರಿಯಾಗುವುದಲ್ಲ. ವೇಗದಲ್ಲಿ ಒಡೆಯದೇ ಇದ್ದದ್ದು ನಿಮ್ಮ ಭಾಗ್ಯ" ಎಂದರು ಆ ಹಿರಿಯರು. ಪ್ರತಿ ತಿಂಗಳು ಅತ್ತೆಯನ್ನೂ ಮಕ್ಕಳನ್ನೂ ಅದೇ ಚಕ್ರದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದುದನ್ನು ನೆನೆದು ತಂಗಿಯ ಕಣ್ಣು ತುಂಬಿತು. ಉಬ್ಬಿದ ಟೈರು 60 ಕಿ.ಮೀ. ವೇಗದಲ್ಲೂ ಒಡೆಯಬಹುದು. ಎಂಬತ್ತರ ಒಳಗೆ ಓಡಿಸಿದರೆ ಸಾಕೆಂಬ ನಮ್ಮ ಸಮಾಧಾನಕ್ಕೆ ಅರ್ಥವೇ ಇರಲಿಲ್ಲ.

ಅಗ್ಗದಿಂದ ಆರಂಭಿಸಿ

ಪರೀಕ್ಷೆಯನ್ನು ಯಾವಾಗಲೂ ಖರ್ಚಿಲ್ಲದ ಕೆಲಸದಿಂದ ಆರಂಭಿಸಬೇಕು. ಮೊದಲು ಚಕ್ರದ ನಟ್‌ಗಳು ಬಿಗಿಯಾಗಿವೆಯೇ ನೋಡಿ. ಇತ್ತೀಚೆಗೆ ಚಕ್ರ ಬಿಚ್ಚಿ ಹಾಕಿದ ನಂತರ ಹಠಾತ್ತಾಗಿ ನಡುಕ ಬಂದಿದ್ದರೆ ಕೂಡಲೇ ಕಾರು ನಿಲ್ಲಿಸಬೇಕು. ನಂತರ ಟೈರಿನ ಗಾಳಿ. ಎಷ್ಟಿರಬೇಕೆಂಬುದನ್ನು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಕೆಂಪು ಮಣ್ಣು ರಿಮ್ಮಿನ ಒಳಬದಿಗೆ ಅಂಟಿ ಒಣಗಿ, ಅದೇ ತೂಕ ತಪ್ಪಿಸುವುದುಂಟು. ಒಂದು ಬಕೆಟ್ ನೀರು ಮತ್ತು ಬ್ರಷ್‌ನಿಂದ ಗುಣವಾಗುವ ಕಾಯಿಲೆಯಿದು.

ಆಮೇಲೆ ನಾಲ್ಕೂ ಟೈರುಗಳ ಒಳ-ಹೊರ ಬದಿ ನೋಡಿ, ಕೈಯಾಡಿಸಿ. ಉಬ್ಬು, ಬಿರುಕು, ಏರುತಗ್ಗಿನ ಸವೆತ ಇದೆಯೇ ಗಮನಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ತಯಾರಿಕಾ ದಿನಾಂಕವಿರುತ್ತದೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಟೈರಿನ ಗೀರುಗಳ ಆಳ 1.6 ಮಿ.ಮೀ.ಗೆ ಇಳಿದರೆ ಅದರ ಆಯುಷ್ಯ ಮುಗಿಯಿತು.

ಇಷ್ಟರಲ್ಲಿ ದೋಷ ಕಾಣದಿದ್ದರೆ ನಾಲ್ಕೂ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿ. ಚಕ್ರ ಯಂತ್ರದಲ್ಲಿ ತಿರುಗುವಾಗ ಪಕ್ಕದಲ್ಲಿ ನಿಂತು ನೋಡಿ. ಹೊಂಡಕ್ಕೆ ಬಿದ್ದು ಬಾಗಿದ ರಿಮ್ ಅಲ್ಲೇ ತೂಗಾಡುವುದು ಕಾಣುತ್ತದೆ. ಅನಂತರವೂ ಸಂಶಯ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೂ, ಹಿಂದಿನವನ್ನು ಮುಂದಕ್ಕೂ ಹಾಕಿಸಿ. ನಡುಕ ಸೀಟಿನಿಂದ ಸ್ಟಿಯರಿಂಗಿಗೆ ಬಂದರೆ, ಅಥವಾ ಸ್ಟಿಯರಿಂಗಿನಿಂದ ಸೀಟಿಗೆ ಹೋದರೆ, ದೋಷ ಚಕ್ರದಲ್ಲೇ ಇದೆ. ಅಲ್ಲೇ ಉಳಿದರೆ ಬೇರಿಂಗ್, ಸಸ್ಪೆನ್ಷನ್, ಶಾಫ್ಟ್‌ಗಳತ್ತ ಹೋಗಬೇಕು. ಆದರೆ ಉಬ್ಬಿದ ಟೈರಿನಲ್ಲಿ ಈ ಪರೀಕ್ಷೆ ಮಾಡಬಾರದು. ಅದನ್ನು ಬದಲಿಸುವುದೊಂದೇ ದಾರಿ.

ಇನ್ನೊಂದು ಗೊಂದಲ: ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಒಂದೇ ಅಲ್ಲ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ವೇಗದ ನಡುಕಕ್ಕೆ ಸಾಮಾನ್ಯವಾಗಿ ಅದು ನೇರ ಕಾರಣವಲ್ಲ.

ಕೊಳ್ಳುವವರಿಗೆ, ಮಾರುವವರಿಗೆ

ಹಳೆಯ ಕಾರು ಕೊಳ್ಳುವಾಗ ಬೀದಿಯೊಳಗೆ ಒಂದು ಸುತ್ತು ಹಾಕಿ ಒಪ್ಪಿಕೊಳ್ಳಬೇಡಿ. ಅನುಮತಿಯಿರುವ ಹೆದ್ದಾರಿಯಲ್ಲಿ 80-90ರ ವೇಗದಲ್ಲಿ ಕೆಲವು ಕಿಲೋಮೀಟರ್ ಓಡಿಸಿ ನೋಡಿ. ಮನೆಯ ಮಹಿಳೆಯರನ್ನೂ ಕರೆದೊಯ್ಯಿರಿ, ಒಬ್ಬರು ಹಿಂದೆ ಕುಳಿತುಕೊಳ್ಳಲಿ. ಚಾಲಕನ ಕೈಗೆ ತಿಳಿಯದ್ದು ಹಿಂದೆ ಕುಳಿತವರ ಬೆನ್ನಿಗೆ ತಿಳಿಯುತ್ತದೆ.

ಮಾರುವವರಿಗೂ ಒಂದು ಮಾತು. ವಸ್ತುವಿನ ದೋಷವನ್ನು ಬಚ್ಚಿಟ್ಟು ಮಾರುವುದು ವಂಚನೆಯೆಂದು ನಾವು ಮಕ್ಕಳಿಗೆ ಮದ್ರಸದಲ್ಲಿ ಕಲಿಸುತ್ತೇವೆ. ಕಾರಿನ ವಿಷಯದಲ್ಲಿ ಈ ವಂಚನೆಗೆ ಹಣದ ನಷ್ಟ ಮಾತ್ರವಲ್ಲ, ಒಂದು ಕುಟುಂಬವೇ ಬೆಲೆ ತೆರಬೇಕಾದೀತು. ಟೈರಿನಲ್ಲಿ ಉಬ್ಬಿದೆ ಎಂದು ಮೊದಲೇ ಹೇಳಿದ್ದರೆ ಬಾವ ಒಂದೆರಡು ಸಾವಿರ ಕಡಿಮೆ ಕೇಳುತ್ತಿದ್ದರು, ಅಷ್ಟೇ.

ತಂಗಿಯ ಮನೆಯ ಕಾರು ಈಗ ನಡುಗುವುದಿಲ್ಲ. ಹೊರಡುವ ಮುನ್ನ ನಾಲ್ಕೂ ಚಕ್ರಗಳನ್ನು ಬಗ್ಗಿ ನೋಡುವುದು ಅವಳ ರೂಢಿಯಾಗಿದೆ. ಬಾವ ಅಲ್ಲಿಯವರೆಗೆ ಬಾಗಿಲ ಬಳಿ ಕಾಯುತ್ತಾರೆ.